ಡೈನಮೋದ ಪುಲ್ಲಿ ಮತ್ತು ಅಮ್ಮನ ಲೈಸನ್ಸು

ನನ್ನ ಕಾರು ಕೆಟ್ಟರೆ ನಾನು ಬಾನೆಟ್ಟು ಕೂಡ ಎತ್ತುವುದಿಲ್ಲ. ಗ್ಯಾರೇಜಿಗೆ ಫೋನು ಮಾಡುತ್ತೇನೆ, ಅವರು ಬಂದು ಎಳೆದುಕೊಂಡು ಹೋಗುತ್ತಾರೆ, ನಾನು ಒಳಗೆ ಹೋಗಿ ಚಹಾ ಮಾಡಿಕೊಳ್ಳುತ್ತೇನೆ. ವಡೋದರಾದ ನನ್ನ ನೆರೆಯವರು ಇದನ್ನು ಶೋಕಿ ಅನ್ನುತ್ತಾರೆ. ಅನ್ನಲಿ ಬಿಡಿ. ಮನೆಯಲ್ಲೇ ಕಾರು ರಿಪೇರಿ ಮಾಡುವ ಗಂಡಸಿನ ಜೊತೆ ಒಂದೇ ಸೂರಿನ ಕೆಳಗೆ ಬಾಳಿ ನೋಡಿದ್ದರೆ ಹೀಗೆ ಅನ್ನುತ್ತಿರಲಿಲ್ಲ. ನಾನು ಬಾಳಿದ್ದೇನೆ. ಇಷ್ಟು ವರ್ಷವಾದರೂ ಗ್ರೀಸಿನ ವಾಸನೆ ಬಂದರೆ ನನ್ನ ಮೂಗಿಗಿಂತ ಮೊದಲು ತಲೆ ಬಿಸಿಯಾಗುತ್ತದೆ.

ಅಪ್ಪ ವಿಮಾ ಕಚೇರಿಯಲ್ಲಿ ಅಧಿಕಾರಿ. ಧಾರವಾಡದಿಂದ ವರ್ಗವಾಗಿ ಅಹಮದಾಬಾದಿಗೆ ಬಂದವನು, ಚಾಂದ್‌ಖೇಡಾದಲ್ಲಿ ಒಂದು ಟೆನಮೆಂಟು ಬಾಡಿಗೆಗೆ ಹಿಡಿದ. ಟೆನಮೆಂಟು ಅಂದರೆ ಅಲ್ಲಿ ಗೋಡೆಗೆ ಗೋಡೆ ಅಂಟಿದ ಸಾಲುಮನೆ. ಮುಂದೆ ಪುಟ್ಟ ಕಟ್ಟೆ, ಅದರ ಮೇಲೆ ಮನೆಯ ಮಾಲೀಕರು ಬಿಟ್ಟುಹೋದ ಉಯ್ಯಾಲೆ, ಕೆಳಗೆ ಎರಡು ಕೋಣೆ, ಹಿಂದೆ ಅಡಿಗೆಮನೆ, ಅಡಿಗೆಮನೆಯ ಮೂಲೆಯಲ್ಲಿ ದೇವರು. ದೇವರ ಮೂಲೆ ಅಜ್ಜಿಯದು, ಒಲೆ ಅಮ್ಮನದು, ಮಿಕ್ಕಿದ್ದೆಲ್ಲ ಅಪ್ಪನ ಸಾಮಾನಿನದು. ಬೇರೆಯವರ ಮಂಚದ ಕೆಳಗೆ ಟ್ರಂಕು ಇರುತ್ತದೆ, ನಮ್ಮ ಮಂಚದ ಕೆಳಗೆ ಪಾನಾಗಳಿದ್ದವು, ಅಂದರೆ ಸ್ಪ್ಯಾನರುಗಳು. ಸಣ್ಣ ಪಾನಾ, ದೊಡ್ಡ ಪಾನಾ, ಪೈಪು ಹಿಡಿಯುವ ಪಾನಾ, ಯಾರೋ ಸತ್ತವರ ಮನೆಯಿಂದ ಅಗ್ಗಕ್ಕೆ ತಂದ ಒಂದು ಪೆಟ್ಟಿಗೆ ಸಾಕೆಟ್ಟು. ಕಚೇರಿಯಲ್ಲಿ ಇನ್ನೊಬ್ಬರ ಕಾರಿನ ಅಪಘಾತದ ಕಾಗದ ನೋಡಿ ನೋಡಿ ಅವನಿಗೆ ತಾನೇ ದೊಡ್ಡ ಮೆಕ್ಯಾನಿಕ್ ಅನ್ನುವ ಭ್ರಮೆ ಬಂದಿತ್ತು. ಉಗುರಿನಲ್ಲಿ ಕರಿ ಇಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದ. ಅಜ್ಜಿ ದಿನಾ ಬೈಯುತ್ತಿದ್ದಳು, ದಿನಾ ಬಡಿಸುತ್ತಿದ್ದಳು.

ನಮ್ಮ ಬೀದಿಯ ಹೆಂಗಸರೆಲ್ಲ ಮುಖಕ್ಕೆ ದುಪಟ್ಟಾ ಸುತ್ತಿ ಸ್ಕೂಟರ್ ಹತ್ತಿ ಭರ್ ಅಂತ ಹೋಗುವಾಗ ಅಮ್ಮ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು. ನವರಂಗಪುರದಲ್ಲಿ ಅವಳಿಗೆ ಒಬ್ಬಳೇ ಒಬ್ಬ ಕನ್ನಡದ ಗೆಳತಿ. ಅವಳ ಮನೆಗೆ ಹೋಗಬೇಕಾದರೆ ಎರಡು ಆಟೋ ಬದಲಾಯಿಸಬೇಕು, ಇಲ್ಲವೇ ಅಪ್ಪನ ರವಿವಾರಕ್ಕೆ ಕಾಯಬೇಕು. ರವಿವಾರ ಬಂದರೆ ಅಪ್ಪ ಕಾರಿನ ಹೊರಗೆ ಸಿಕ್ಕರೆ ತಾನೇ? ಅದರ ಕೆಳಗಿರುತ್ತಿದ್ದ. ಕೊನೆಗೆ ಅಮ್ಮ ಯಾರನ್ನೂ ಕೇಳದೆ ಎದುರುಮನೆಯ ನಯನಾಬೆನ್ ಹತ್ತಿರ ಕಾರು ಕಲಿತಳು. ಅಪ್ಪ ಆಫೀಸಿಗೆ ಹೋದ ಮೇಲೆ ಇಬ್ಬರೂ ನಯನಾಬೆನ್ ಕಾರಿನಲ್ಲಿ ಖಾಲಿ ಮೈದಾನಕ್ಕೆ ಹೋಗುವುದು, ಹನ್ನೊಂದಕ್ಕೆ ಬಂದು ಏನೂ ಆಗಿಲ್ಲದವರ ಹಾಗೆ ಅನ್ನಕ್ಕೆ ಇಡುವುದು. ಕಲಿಯುವವರ ಲೈಸನ್ಸಿನ ಚೀಟಿ ತಂದ ದಿನ ಅಪ್ಪನಿಗೆ ತೋರಿಸಿದಳು. ಅಪ್ಪ ತಿರುಗಿಸಿ ಮುರುಗಿಸಿ ನೋಡಿ, "ಫೋಟೋ ಛಂದ ಬಂದದ" ಅಂದ. ಅಷ್ಟೇ.

ಆ ಚೀಟಿಗೆ ಆರು ತಿಂಗಳ ಆಯಸ್ಸು. ಅಷ್ಟರೊಳಗೆ ಕಾರು ತೆಗೆದುಕೊಂಡು ಹೋಗಿ ಪರೀಕ್ಷೆ ಕೊಡಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಒಂದು ಸಲ ಅಪ್ಪನಿಗೆ ಕಚೇರಿಯ ತಪಾಸಣೆ ಬಂತು. ಇನ್ನೊಂದು ಸಲ ಮಳೆ ಬಂತು. ಪರೀಕ್ಷೆ ಕಟ್ಟಕಡೆಯ ದಿನಕ್ಕೆ ಬಂದು ನಿಂತಿತು, ದಸರೆಯ ಮರುದಿನ ಬೆಳಿಗ್ಗೆ. ನಯನಾಬೆನ್ ನವರಾತ್ರಿಗೆ ಕಾರು ತೆಗೆದುಕೊಂಡು ಸೂರತ್ತಿನ ತವರಿಗೆ ಹೋಗಿಬಿಟ್ಟಿದ್ದಳು. ಹಾಗಾಗಿ ಇದ್ದದ್ದು ನಮ್ಮ ಬಿಳಿ ಕಾರೊಂದೇ. ಅದು ದಸರೆ ನಾಲ್ಕು ದಿನ ಇದೆ ಎನ್ನುವಾಗ ಕೆಂಪು ದೀಪ ತೋರಿಸಿ ನಿಂತುಬಿಟ್ಟಿತು. ಡೈನಮೋ ಹೋಗಿತ್ತು. ಎಂಜಿನ್ನಿನ ಬೆಲ್ಟು ತಿರುಗಿಸಿದಾಗ ಅದು ತಿರುಗಿ ಬ್ಯಾಟರಿಗೆ ಕರೆಂಟು ತುಂಬಬೇಕು, ತುಂಬುತ್ತಿರಲಿಲ್ಲ.

"ಗ್ಯಾರೇಜಿಗೆ ಹಾಕ್ರಿ. ಒಂದು ದಿನದ ಕೆಲಸ," ಅಂದಳು ಅಮ್ಮ.

"ಗ್ಯಾರೇಜಿನವರಿಗೇನ್ ಎರಡು ಕೊಂಬವ? ಒಂದು ತಾಸಿನ ಕೆಲಸ ಇದು. ನಾ ಮಾಡ್ತೀನಿ."

ಅಪ್ಪನದು ಯಾವಾಗಲೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹಳೇ ಸಾಮಾನಿನ ಬಜಾರಿಗೆ ಹೋಗಿ ಬೇರೆ ಡೈನಮೋ ಹೊತ್ತುಕೊಂಡು ಬಂದ. ಮನೆಗೆ ತಂದು ಹಳೆಯದರ ಪಕ್ಕ ಇಟ್ಟು ನೋಡಿದರೆ ಅದರ ಮೂತಿಯಲ್ಲಿದ್ದ ಪುಲ್ಲಿಯೇ ಬೇರೆ. ಪುಲ್ಲಿ ಅಂದರೆ ಬೆಲ್ಟು ಕೂರುವ ಗಾಲಿ. ನಮ್ಮದಕ್ಕೆ ಒಂದೇ ಆಳವಾದ ತೋಡು ಇರಬೇಕಿತ್ತು. ಇದಕ್ಕೆ ನಾಲ್ಕೈದು ಸಣ್ಣ ಸಣ್ಣ ಗೀರು, ನಮ್ಮ ಬೆಲ್ಟು ಅದರ ಮೇಲೆ ಕೂರುವುದೇ ಇಲ್ಲ. ಅಂಗಡಿಯವನು "ಬಧೂ ಏಕ ಜ ಛೇ, ಸಾಹೇಬ್" ಅಂದಿದ್ದನಂತೆ, ಎಲ್ಲ ಒಂದೇ ಅಂತ. ಎಲ್ಲ ಒಂದೇ ಆಗಿದ್ದರೆ ನಾನು ಈ ಅಧ್ಯಾಯ ಬರೆಯುತ್ತಿರಲಿಲ್ಲ.

ಹಳೆಯದರ ಪುಲ್ಲಿ ಬಿಚ್ಚಿ ಹೊಸದಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಅಷ್ಟಮಿಯ ದಿನ ಅಪ್ಪ ಹಳೆಯದನ್ನು ಕಟ್ಟೆಯ ಮೇಲೆ ಇಟ್ಟುಕೊಂಡು ಕೂತ. ನಡುವಿನ ನಟ್ಟಿಗೆ ಪಾನಾ ಹಾಕಿ ತಿರುವಿದರೆ ನಟ್ಟಿನ ಜೊತೆ ಪುಲ್ಲಿಯೂ, ಒಳಗಿನ ದಂಡವೂ ಸುತ್ತುತ್ತಿದ್ದವು. ಹಿಡಿದರೆ ಜಾರುತ್ತಿತ್ತು, ಬಿಟ್ಟರೆ ಸುತ್ತುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಕೂತವನು ಮಧ್ಯಾಹ್ನದ ಅನ್ನ ಆರಿದರೂ ಏಳಲಿಲ್ಲ. ಕೊನೆಗೆ ಪಾನಾದ ಹಿಡಿಗೆ ಸುತ್ತಿಗೆಯಿಂದ ರಪ್ ರಪ್ ಅಂತ ಬಾರಿಸಿದ. ನಟ್ಟು ಸಡಿಲಾಯಿತು, ಅಪ್ಪನ ಎರಡು ಬೆರಳಿನ ಚರ್ಮವೂ ಹೋಯಿತು. ಪುಲ್ಲಿ, ನಟ್ಟು, ವಾಷರು, ಪುಲ್ಲಿಯ ಹಿಂದೆ ಕೂರುವ ದಪ್ಪನೆಯ ಉಕ್ಕಿನ ಬಳೆ, ಎಲ್ಲವನ್ನೂ ಅಮ್ಮನ ಸ್ಟೀಲಿನ ತಾಟಿನಲ್ಲಿ ಇಟ್ಟು ಗೆದ್ದವನ ಹಾಗೆ ಒಳಗೆ ಬಂದ. ಬಳೆ ಒಂದು ರೂಪಾಯಿಯ ನಾಣ್ಯದಷ್ಟು ಅಗಲ, ನಡುವೆ ತೂತು. ಅದರ ಕೆಲಸ ಏನೆಂದರೆ ಪುಲ್ಲಿ ಒಳಕ್ಕೆ ಸರಿಯದಂತೆ ತಡೆಯುವುದು. ಇದು ನನಗೆ ಆಗ ಗೊತ್ತಿರಲಿಲ್ಲ, ಮರುದಿನವಲ್ಲ ಅದರ ಮರುದಿನ ಚೆನ್ನಾಗಿಯೇ ಗೊತ್ತಾಯಿತು.

ನವಮಿಯ ಬೆಳಿಗ್ಗೆ ಅಪ್ಪ ಹೊಸದಕ್ಕೆ ಕೈ ಹಚ್ಚಬೇಕು ಅಂತ ಎದ್ದು ನೋಡಿದರೆ ಮಂಚದ ಕೆಳಗೆ ಒಂದು ಸ್ಕ್ರೂಡ್ರೈವರೂ ಇಲ್ಲ. ಖಂಡೇನವಮಿ. ಅಜ್ಜಿ ಮತ್ತು ಅಮ್ಮ ನಸುಕಿನಲ್ಲೇ ಎಲ್ಲ ಸಾಮಾನು ತೊಳೆದು ಒರೆಸಿ ದೇವರ ಮುಂದೆ ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿಬಿಟ್ಟಿದ್ದರು. ಪೈಪು ಹಿಡಿಯುವ ಪಾನಾ ಹೊಸ ಮದುಮಗನ ಹಾಗೆ ನಡುವೆ ಕೂತಿತ್ತು. ಅಮ್ಮನ ಸ್ಟೀಲಿನ ತಾಟೂ ಅಲ್ಲೇ. ಹೊಸ ಡೈನಮೋಕ್ಕೂ ಒಂದು ಹಾರ.

"ಅವ್ವಾ, ಒಂದು ಪಾನಾ ಕೊಡು. ಒಂದs ಒಂದು."

"ಪೂಜಿಗೆ ಇಟ್ಟ ಸಾಮಾನಿಗೆ ನಾಳೆ ತನಕಾ ಕೈ ಹಚ್ಚಂಗಿಲ್ಲ ವಸಂತಾ. ನಿಮ್ಮಪ್ಪನ ಕಾಲದಾಗ ಕುಡಗೋಲು ಸೈತ ಎತ್ತತಿದ್ದಿಲ್ಲ."

ಅಪ್ಪ ಅಮ್ಮನ ಕಡೆ ನೋಡಿದ. ಪರೀಕ್ಷೆ ಅವಳದು, ಅವಳಾದರೂ ಅತ್ತೆಗೆ ಹೇಳಲಿ ಅಂತ. ಅಮ್ಮನ ಕೈಯಲ್ಲಿ ಇನ್ನೂ ಕುಂಕುಮದ ಬಟ್ಟಲಿತ್ತು.

"ನಾನs ಪೂಜಿ ಮಾಡೀನಿ. ನಾನs ಹೆಂಗ ಎತ್ತಲಿ? ನಿನ್ನೆ ಗ್ಯಾರೇಜಿಗೆ ಹಾಕಿದ್ರ ಆಗ್ತಿತ್ತು."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ವರ ಬೇಡುವವಳೂ ಪೂಜಾರಿಯೂ ಒಬ್ಬಳೇ. ಆ ದಿನವೆಲ್ಲ ಅಪ್ಪ ಉಯ್ಯಾಲೆಯ ಮೇಲೆ ಕೂತು ಬೀದಿಯನ್ನು ಬೈದ. ಹೋಳಿಗೆ ಮಾಡಿದ್ದರು, ಕಟ್ಟಿನ ಸಾರು ಮಾಡಿದ್ದರು, ಯಾರೂ ಯಾರ ಮುಖವನ್ನೂ ನೋಡದೆ ಉಂಡರು.

ಆ ಮಧ್ಯಾಹ್ನದ ಇನ್ನೊಂದು ಸಂಗತಿ ಹೇಳಲೇಬೇಕು, ಹೇಳದಿದ್ದರೆ ನನ್ನ ಹೊಟ್ಟೆಯಲ್ಲೇ ಉಳಿಯುತ್ತದೆ. ನವರಾತ್ರಿಯ ಒಂಬತ್ತೂ ದಿನ ನಮ್ಮ ದೇವರ ಮುಂದೆ ನಂದಾದೀಪ ಉರಿಯಬೇಕು. ಪಾಡ್ಯದ ದಿನ ಹಚ್ಚಿದ್ದನ್ನು ದಶಮಿಯ ಸಂಜೆ ಆರತಿ ಆಗುವವರೆಗೆ ಆರಿಸಬಾರದು, ಜರುಗಿಸಬಾರದು. ಆ ಹಿತ್ತಾಳೆ ದೀಪದ ಬುಡ ಒಂದು ಕಡೆ ನೆಗ್ಗಿತ್ತು. ಅಜ್ಜಿ ಎಣ್ಣೆ ಹಾಕುವಾಗಲೆಲ್ಲ ಅಲ್ಲಾಡುತ್ತಿತ್ತು. ನಾನು ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದೆ. ಅಜ್ಜಿ ತಾಟಿನೊಳಗಿಂದ ಆ ಉಕ್ಕಿನ ಬಳೆ ತೆಗೆದು ನೆಗ್ಗಿದ ಬುಡದ ಕೆಳಗೆ ಮೆಲ್ಲಗೆ ತುರುಕಿದಳು. ದೀಪ ನೆಟ್ಟಗೆ ನಿಂತಿತು. ತುರುಕುವಾಗ ಜರುಗಿದ್ದು ಲೆಕ್ಕಕ್ಕಿಲ್ಲ ಅಂತ ಕಾಣುತ್ತದೆ.

"ನೋಡು ವೈಜೂ, ಎಷ್ಟ ಛಂದ ಕೂತದ. ಇನ್ನ ನಾಳೆ ಸಂಜಿ ತನಕಾ ಇದಕ್ಕ ಯಾರೂ ಕೈ ಹಚ್ಚಬಾರದು. ದೀಪ ಜರುಗಿದ್ರ ಮನಿ ಯಜಮಾನಗ ಛಲೋ ಅಲ್ಲ."

ಮನೆಯ ಯಜಮಾನ ಅಂದರೆ ಅಪ್ಪ. ನಾನು ಐದನೇ ಇಯತ್ತೆ. ಛಲೋ ಅಲ್ಲ ಅಂದರೆ ಸಾವು ಅಂತಲೇ ನನ್ನ ತಲೆಯಲ್ಲಿ ಕೂತಿತು.

ದಶಮಿಯ ಬೆಳಿಗ್ಗೆ ಸಾಮಾನಿನ ಪೂಜೆ ಎತ್ತಿದರು. ಬೀದಿಯಲ್ಲಿ ಜನ ಫಾಫ್ಡಾ ಜಿಲೇಬಿಗೆ ಸಾಲು ನಿಂತಿದ್ದರು, ಗ್ಯಾರೇಜುಗಳಿಗೆಲ್ಲ ಹಾರ ಹಾಕಿ ಬೀಗ ಜಡಿದಿದ್ದರು. ಇನ್ನು ಅಪ್ಪನೇ ಗತಿ. ಹೊಸ ಡೈನಮೋದ ಪುಲ್ಲಿ ಬಿಚ್ಚಲು ಕೂತ. ಮತ್ತದೇ ಕಥೆ, ನಟ್ಟು ತಿರುವಿದರೆ ಎಲ್ಲ ಸುತ್ತುವುದು. ಹೊಸದಕ್ಕೆ ಸುತ್ತಿಗೆ ಹಾಕಲು ಅವನಿಗೆ ಧೈರ್ಯ ಬರಲಿಲ್ಲ, ಒಡೆದರೆ ಏನು ಗತಿ. ಹಗ್ಗ ಸುತ್ತಿದ, ಜಾರಿತು. ಬಟ್ಟೆ ಸುತ್ತಿದ, ಹರಿಯಿತು. ಪುಲ್ಲಿಯ ತೂತಿಗೆ ಸ್ಕ್ರೂಡ್ರೈವರ್ ಕೊಟ್ಟ, ಅದು ಬಾಗಿತು. ಬೈಗುಳವೂ ಮುಗಿದು ಅಪ್ಪ ಸುಮ್ಮನೆ ಅದನ್ನೇ ನೋಡುತ್ತ ಕೂತಾಗ ಅಮ್ಮ ಅಡಿಗೆಮನೆಯಿಂದ ಬಂದಳು. ಅವಳ ಕೈಯಲ್ಲಿ ನನ್ನ ಸೈಕಲ್ಲಿನ ಹಳೇ ಟ್ಯೂಬಿನ ಪಟ್ಟಿ ಇತ್ತು. ಉಪ್ಪಿನಕಾಯಿ ಭರಣಿಯ ಬಿರಡೆ ಜಾಮಾದಾಗ ಅವಳು ಅದನ್ನೇ ಸುತ್ತಿ ತೆಗೆಯುತ್ತಿದ್ದಳು.

"ಇದನ್ನ ಸುತ್ರಿ. ಮ್ಯಾಲ ಪೈಪಿನ ಪಾನಾ ಹಾಕ್ರಿ. ಪಾನಾದ ಮ್ಯಾಲ ನಾ ನಿಂದರ್ತೀನಿ, ನೀವು ನಟ್ ತಿರುವ್ರಿ."

"ಇದು ಉಪ್ಪಿನಕಾಯಿ ಭರಣಿ ಅಲ್ಲ."

"ಜಾರೋದು ಜಾರೋದs. ಸುತ್ರಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಅಮ್ಮ ಪಾನಾದ ಹಿಡಿಯ ಮೇಲೆ ಕಾಲಿಟ್ಟು ನಿಂತಳು. ಅಪ್ಪ ನಟ್ಟಿನ ಪಾನಾಕ್ಕೆ ಒಂದು ನಳದ ತುಂಡು ತೂರಿಸಿ ಜಗ್ಗಿದ. ಕಟ್ ಅಂತ ಶಬ್ದವಾಯಿತು, ನಟ್ಟು ಬಿಟ್ಟುಕೊಂಡಿತು. ಅಬ್ಬಾ! ನನಗೆ ಅಲ್ಲೇ ಕುಣಿಯಬೇಕು ಅನಿಸಿತು. ಅಪ್ಪನ ಬಾಯಿಂದ ಒಂದು ಶಾಭಾಸ್ ಬಂತೇ? ಇಲ್ಲ. "ಹಂ, ತಾಟು ಕೊಡು" ಅಂದ.

ತಾಟಿನಲ್ಲಿ ಪುಲ್ಲಿ ಇತ್ತು, ನಟ್ಟು ಇತ್ತು, ವಾಷರು ಇತ್ತು. ಬಳೆ ಇರಲಿಲ್ಲ. ಹೊಸ ಡೈನಮೋದ ಪುಲ್ಲಿಯ ಹಿಂದೆ ಬಳೆಯೇ ಇರಲಿಲ್ಲ, ಅದರ ರಚನೆಯೇ ಬೇರೆ. ಆಮೇಲೆ ಹುಡುಕಾಟ ಶುರುವಾಯಿತು. ಮಂಚ ಸರಿಸಿದರು, ಹೂವಿನ ಕಸ ಕೆದಕಿದರು, ಪಾತ್ರೆ ತೊಳೆಯುವ ಮೋರಿಗೆ ಕೈ ಹಾಕಿದರು. ಅಜ್ಜಿ ಊಟ ಮಾಡಿ ಒಳಗೆ ಮಲಗಿದ್ದಳು. ನಾನು ದೀಪದ ಕಡೆ ನೋಡದೆ ಇರಲು ಪ್ರಯತ್ನ ಮಾಡುತ್ತ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ಹೇಳಿದರೆ ಅಪ್ಪ ಸಾಯುತ್ತಾನೆ. ಹೇಳದಿದ್ದರೆ ಅಮ್ಮನ ಪರೀಕ್ಷೆ ಹೋಗುತ್ತದೆ. ಅಮ್ಮ ನನ್ನ ಪಕ್ಕದಲ್ಲೇ ಮಂಡಿಯೂರಿ ಕೂತು ಮೊರದಲ್ಲಿ ಕಸ ಕೇರುತ್ತಿದ್ದಳು, ಒಂದು ಸಲ ತಲೆಯೆತ್ತಿ "ನೀ ನೋಡೀಯೇನ ವೈಜೂ?" ಅಂತ ಕೇಳಿದಳು. ಇಲ್ಲ ಅಂದೆ. ಅವಳಿಗೆ ಹೇಳಿದ ಮೊದಲ ಸುಳ್ಳು ಅದಲ್ಲ, ಆದರೆ ನನಗೆ ಇವತ್ತಿಗೂ ನಾಚಿಕೆ ತರುವ ಸುಳ್ಳು ಅದೊಂದೇ.

ಅಪ್ಪ ಬಳೆಯಿಲ್ಲದೆಯೇ ಪುಲ್ಲಿ ಬಿಗಿದ. "ಏನೂ ಆಗಂಗಿಲ್ಲ" ಅಂದ. ಕಾರಿಗೆ ಏರಿಸಿ, ಬೆಲ್ಟು ಹಾಕಿ, ಚಾಲೂ ಮಾಡಿದ. ಇಡೀ ಬೀದಿ ಬೆಚ್ಚಿಬೀಳುವ ಹಾಗೆ ಕಿರುಚಿತು. ಪುಲ್ಲಿ ಒಳಕ್ಕೆ ಕೂತು ಡೈನಮೋದ ಮೈಗೆ ಉಜ್ಜುತ್ತಿತ್ತು, ಬೆಲ್ಟು ಸೊಟ್ಟ ಓಡುತ್ತಿತ್ತು, ನೋಡನೋಡುತ್ತಲೇ ಹಾರಿ ಕೆಳಗೆ ಬಿತ್ತು. ಎದುರುಸಾಲಿನವರು ಕಟ್ಟೆಗೆ ಬಂದು ನೋಡಿದರು. ಅಪ್ಪ ಆಫ್ ಮಾಡಿ ಇಳಿದ, ಮುಖ ಕೆಂಪಾಗಿತ್ತು. ಆ ಸಿಟ್ಟು ಯಾರ ಮೇಲೆ ಬೀಳಬೇಕಿತ್ತೋ ಅವರ ಮೇಲೆ ಬೀಳಲಿಲ್ಲ.

"ಅಷ್ಟಕ್ಕೂ ಏನ್ ಅವಸರ ಇತ್ತು ಈ ಲೈಸನ್ಸಿಂದು? ಎಲ್ಲಿಗೆ ಹೋಗೋದದ ನಿನಗ? ಎಲ್ಲಿ ಬೇಕಲ್ಲಿ ನಾ ಕರಕೊಂಡು ಹೋಗಂಗಿಲ್ಲೇನು?"

ಅಮ್ಮ ಅಳಲಿಲ್ಲ. ಅತ್ತಿದ್ದರೆ ಬಹುಶಃ ನಾನು ಬಾಯಿ ಬಿಡುತ್ತಿರಲಿಲ್ಲ. ಅವಳು ಕೈಯಲ್ಲಿದ್ದ ಮೊರವನ್ನು ಗೋಡೆಗೆ ಒರಗಿಸಿಟ್ಟಳು, ಇನ್ನು ಹುಡುಕುವುದಿಲ್ಲ ಅನ್ನುವವಳ ಹಾಗೆ. ನನಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಸತ್ತರೆ ಸಾಯಲಿ ಅನಿಸಿತು. ನಿಜವಾಗಿ ಹಾಗೇ ಅನಿಸಿತು.

"ಬಳಿ ನಂದಾದೀಪದ ಬುಡಕ ಅದ," ಅಂತ ಕೂಗಿದೆ.

ಎಲ್ಲರೂ ಅಡಿಗೆಮನೆಗೆ ಓಡಿದರು. ಅಪ್ಪ ಕೈ ಚಾಚಿದ, ಅಮ್ಮ ಅವನ ಮಣಿಕಟ್ಟು ಹಿಡಿದಳು. "ಬ್ಯಾಡ. ಆರತಿ ಆಗ್ಲಿ" ಅಂದಳು. ನನಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ಆರತಿ ಆಗುವಷ್ಟರಲ್ಲಿ ಹೊರಗೆ ಬೆಳಕು ಹೋಗುತ್ತಿತ್ತು, ಕಟ್ಟೆಯ ಬಲ್ಬಿನಲ್ಲಿ ಅಪ್ಪನಿಗೆ ಒಂದು ಬೋಲ್ಟೂ ಕಾಣುತ್ತಿರಲಿಲ್ಲ. ಗದ್ದಲಕ್ಕೆ ಅಜ್ಜಿ ಎದ್ದು ಬಂದಳು. ಸಂಗತಿ ಕೇಳಿದಳು. ದೇವರ ಮುಂದೆ ಕೂತು, ಎರಡೂ ಕೈಯಿಂದ ಉರಿಯುವ ದೀಪ ಎತ್ತಿ ಎದೆಮಟ್ಟದಲ್ಲಿ ಹಿಡಿದಳು.

"ತಗೋ ಸುಮಾ. ಲಗೂನ ತಗೋ, ಕೈ ಸುಡ್ತದ."

ಅಮ್ಮ ಬಳೆ ತೆಗೆದಳು. ಅಜ್ಜಿ ದೀಪ ಇಳಿಸುವಾಗ ಅದು ವಾಲಿ, ಫಕ್ಕನೆ ಆರಿತು. ನಾನು ಅಪ್ಪನ ಮುಖ ನೋಡಿದೆ. ಅಜ್ಜಿ ಕಡ್ಡಿ ಗೀರಿ ಮತ್ತೆ ಹಚ್ಚಿ, "ಎಣ್ಣಿ ಮುಗದಿತ್ತು" ಅಂದಳು. ದೀಪದ ತುಂಬ ಎಣ್ಣೆ ಇತ್ತು, ನಮಗೆಲ್ಲ ಕಾಣುತ್ತಿತ್ತು. ಒಂದು ವಾರ ನಾನು ಬೆಳಿಗ್ಗೆ ಎದ್ದ ತಕ್ಷಣ ಹೋಗಿ ಅಪ್ಪ ಉಸಿರಾಡುತ್ತಿದ್ದಾನೋ ಇಲ್ಲವೋ ನೋಡಿ ಬರುತ್ತಿದ್ದೆ. ಅವನು ಈಗಲೂ ಗಟ್ಟಿಮುಟ್ಟಾಗಿದ್ದಾನೆ.

ಬಳೆ ಹಾಕಿದ ಮೇಲೆ ಬೆಲ್ಟು ನೆಟ್ಟಗೆ ಕೂತಿತು, ಕೆಂಪು ದೀಪ ಆರಿತು. ಮರುದಿನ ಬೆಳಿಗ್ಗೆ ನಾವು ಮೂವರೂ ಆರ್‌ಟಿಓ ಮೈದಾನಕ್ಕೆ ಹೋದೆವು. ಅಮ್ಮ ಮಡಿಸಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಸಾಲಿನಲ್ಲಿ ಅವಳ ಸರದಿ ಬಂದಾಗ ಅಧಿಕಾರಿ ಕಾರಿನ ಕಾಗದ ಒಂದೊಂದಾಗಿ ತಿರುವಿದ.

"ಪಿಯುಸಿ ಕ್ಯಾಂ ಛೇ?"

ಹೊಗೆ ತಪಾಸಣೆಯ ಚೀಟಿ ಎಲ್ಲಿ ಅಂತ. ಅಪ್ಪ ಕೊಟ್ಟ. ಅದರ ಅವಧಿ ಮುಗಿದು ಎರಡು ವಾರವಾಗಿತ್ತು. ಕಾರಿನ ಪ್ರತಿ ಬೋಲ್ಟನ್ನೂ ತಾನೇ ನೋಡಿಕೊಳ್ಳುವ ನನ್ನಪ್ಪ ಆ ಒಂದು ಚೀಟಿ ನೋಡಿರಲಿಲ್ಲ. ಗೇಟಿನ ಹೊರಗೆ ಹೊಗೆ ತಪಾಸಣೆಯ ವ್ಯಾನು ನಿಂತಿತ್ತು, ಅದರವನು ಹಬ್ಬದ ಮಬ್ಬು ಇಳಿಸಿಕೊಂಡು ಬರುವಾಗ ಹನ್ನೆರಡು ದಾಟಿತ್ತು. ಚೀಟಿ ಮಾಡಿಸಿಕೊಂಡು ಓಡಿದರೆ ಪರೀಕ್ಷೆಯ ಸಾಲು ಮುಗಿದು ಅಧಿಕಾರಿ ಎದ್ದುಹೋಗಿದ್ದ. ನಾಳೆ ಬನ್ನಿ ಅಂದರು. ನಾಳೆ ಅಮ್ಮನ ಲೈಸನ್ಸಿನ ಚೀಟಿಗೆ ಜೀವ ಇರುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

"ಮುಂದಿನ ತಿಂಗಳ ಮತ್ತ ಹಾಕೂಣು," ಅಂದ ಅಪ್ಪ.

ಅಮ್ಮ ತಿರುಗಿ ಆಫೀಸಿನೊಳಗೆ ಹೋದಳು. ಹೊಸದಾಗಿ ಕಲಿಯುವವರ ಫಾರ್ಮು ಕೊಡುವ ಕಿಟಕಿಯ ಮುಂದೆ, ಕಾಲೇಜು ಹುಡುಗ ಹುಡುಗಿಯರ ಸಾಲಿನ ಕೊನೆಗೆ ನಿಂತಳು. ಅಪ್ಪ ಮತ್ತು ನಾನು ಬಿಸಿಲಲ್ಲಿ ಕಾರಿನಲ್ಲಿ ಕೂತೆವು. ತುಂಬ ಹೊತ್ತು ಅಪ್ಪ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಚರ್ಮ ಕಿತ್ತ ಬೆರಳು ನೋಡುತ್ತಿದ್ದ. ಆಮೇಲೆ ಇಳಿದ, ಮುಂದಿನಿಂದ ಸುತ್ತಿ ಬಂದ, ಎಡಗಡೆಯ ಬಾಗಿಲು ತೆಗೆದು ಒಳಗೆ ಕೂತ. ಆ ಸೀಟಿನಲ್ಲಿ ಅವನನ್ನು ನಾನು ಅದೇ ಮೊದಲು ನೋಡಿದ್ದು. ಮೊಣಕಾಲು ಎಲ್ಲಿಡಬೇಕು ಅಂತ ಅವನಿಗೆ ತಿಳಿಯುತ್ತಿರಲಿಲ್ಲ.

ಅಮ್ಮ ಫಾರ್ಮು ಹಿಡಿದುಕೊಂಡು ಬಂದಳು. ಖಾಲಿ ಸೀಟು ನೋಡಿದಳು, ಅದರ ಮುಂದೆ ಜೋತಾಡುತ್ತಿದ್ದ ಕೀಲಿ ನೋಡಿದಳು.

"ಕಲಿಯೋರ ಬಾಜೂಕ ಲೈಸನ್ಸ್ ಇದ್ದವರು ಕೂಡಬೇಕಂತ," ಅಂದ ಅಪ್ಪ, ಮುಂದಿನ ಗಾಜಿಗೆ ಹೇಳುವವನ ಹಾಗೆ. "ಕಾನೂನದ. ನಿನ್ನ ಚೀಟಿ ಇವತ್ತಿನ ಮಟ್ಟಿಗೆ ನಡೀತದ."

"ಕಾನೂನಿನ್ಯಾಗ ಬಾಜೂಕ ಕೂತವರು ಮಾತಾಡಬೇಕಂತ ಅದ ಏನು?"

"ಇಲ್ಲ."

ಅಮ್ಮ ಕೂತಳು, ಸೀಟು ಮುಂದಕ್ಕೆ ಎಳೆದುಕೊಂಡಳು. ಗೇಟಿನಲ್ಲಿ ಕಾರು ಒಂದು ಸಲ ಬಂದ್ ಬಿತ್ತು, ದೊಡ್ಡ ರಸ್ತೆಗೆ ತಿರುಗುವಾಗ ಇನ್ನೊಂದು ಸಲ. ಹಿಂದೆ ಆಟೋದವರು ಹಾರ್ನ್ ಬಾರಿಸಿ ಬಾರಿಸಿ ಬೈದರು. ಅಪ್ಪನ ಬಲಗೈ ಗೇರಿನ ಕಡೆ ಹೊರಟಿತು, ಅರ್ಧಕ್ಕೆ ನಿಂತಿತು. ಅವನು ಎರಡೂ ಕೈಗಳನ್ನು ತನ್ನ ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಭಾರ ಹಾಕಿ ಕೂತ. ಚಾಂದ್‌ಖೇಡಾ ಬರುವವರೆಗೆ ತೆಗೆಯಲಿಲ್ಲ.